ಡಾಕ್ಟ್ರು ಮೇವು ಬಿಟ್ಟಾರ್ರಿ

ನಮ್ಮ ಅಪ್ಪ ದನದ ಡಾಕ್ಟರು. ಮನೆಯಲ್ಲಿ ಹೀಗೆ ನೇರವಾಗಿ ಹೇಳುವವಳು ನಾನೊಬ್ಬಳೇ. ಹಾನಗಲ್ಲಿನಲ್ಲಿ ವಕೀಲನಾಗಿರುವ ಅಣ್ಣ 'ಪಶುವೈದ್ಯಾಧಿಕಾರಿ' ಎನ್ನುತ್ತಾನೆ. ಸವಣೂರಿನ ಹಿರಿಯರ ಮನೆಯಲ್ಲಿ ಅಜ್ಜ ಬದುಕಿರುವವರೆಗೂ, ಮಗ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ 'ಸರಕಾರಿ ನೌಕರಿ' ಎಂದು ಹೇಳಿ ಪಂಚಾಂಗದ ಕಡೆಗೆ ಮಾತು ತಿರುಗಿಸುತ್ತಿದ್ದ. ತಲೆಮಾರುಗಟ್ಟಲೆ ಸಂಸ್ಕೃತ ವ್ಯಾಕರಣದ ಪಾಠ ಹೇಳಿದ ಮನೆತನ ನಮ್ಮದು. ಅಪ್ಪ ನೌಕರಿಗೆ ಸೇರುವ ದಿನ ಅಜ್ಜನ ಕಾಲಿಗೆ ಬಿದ್ದಾಗ ಅಜ್ಜ ಹೇಳಿದ್ದು ಇಷ್ಟು:

"ಇಷ್ಟ ದಿನಾ ನಾವು ಮನಷ್ಯಾರಿಗೆ ವ್ಯಾಕರಣ ಹೇಳಿದ್ವಿ. ಅವರ ತಲಿಗೆ ಹತ್ತಲಿಲ್ಲ. ನೀ ಎಮ್ಮಿಗೆ ಹೇಳಿ ನೋಡು."

ಅಪ್ಪ ಅದನ್ನು ಆಶೀರ್ವಾದವೆಂದೇ ತಿಳಿದ. ಹಿರೇಕೆರೂರು, ಹಾನಗಲ್, ಸವಣೂರು ಎಂದು ವರ್ಗವಾಗುತ್ತ ಹೋಗಿ ಕೊನೆಗೆ ಶಿಗ್ಗಾಂವಿಯಲ್ಲಿ ನಿವೃತ್ತನಾಗಿ ಅಲ್ಲೇ ಮನೆ ಕಟ್ಟಿದ. ಹೋದ ಊರಲ್ಲೆಲ್ಲ ಎಮ್ಮೆಗಳ ಜೊತೆ ವ್ಯಾಕರಣಬದ್ಧವಾಗಿಯೇ ಮಾತಾಡಿದ. ಎಷ್ಟು ಬದ್ಧವಾಗಿ ಎಂದರೆ, ಯಾವ ಪ್ರಾಣಿಯನ್ನೂ ಏಕವಚನದಲ್ಲಿ ಕರೆಯುತ್ತಿರಲಿಲ್ಲ. "ಏಳ್ರಿ ತಾಯಿ, ಒಂಚೂರು ಬಾಲ ಎತ್ರಿ" ಎಂದು ಆಕಳಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅದೇ ಹೊತ್ತಿಗೆ ಆಕಳಿನ ಒಡೆಯನಿಗೆ, ಅವನು ಊರ ಗೌಡನೇ ಆಗಿರಲಿ, "ಏ, ಹಿಂದ ಸರಿಯೋ" ಎನ್ನುತ್ತಿದ್ದ. ಹೀಗೇಕೆ ಎಂದು ಒಮ್ಮೆ ಕೇಳಿದೆ.

"ಗೌಡಗ ನೋವಾದ್ರ ಊರೆಲ್ಲಾ ಕೇಳೂಹಂಗ ಒದರತಾನ. ಇವಕ್ಕ ಎಲ್ಲಿ ನೋವು ಅಂತ ಹೇಳ್ಲಿಕ್ಕೂ ಬರೂದಿಲ್ಲ. ಮರ್ಯಾದಿನರ ಕೊಡಬೇಕಲ್ಲ?"

ಅವ್ವನ ಮಡಿಗೂ ಅಪ್ಪನ ಕೆಲಸಕ್ಕೂ ಮದುವೆಯಾದ ಹೊಸದರಲ್ಲೇ ಒಂದು ಒಪ್ಪಂದವಾಗಿತ್ತು. ಕೆಲಸದಿಂದ ಬರುವಾಗ ಅಪ್ಪ ಮುಂಬಾಗಿಲನ್ನು ಮುಟ್ಟುವಂತಿರಲಿಲ್ಲ. ಹಿತ್ತಲಿಗೆ ಬಂದು, ಔಷಧದ ಚೀಲವನ್ನು ಹೊರಗೋಡೆಯ ಗೂಟಕ್ಕೆ ತೂಗುಹಾಕಿ, "ನಾ ಬಂದೇನಿ" ಎಂದು ಕೂಗಬೇಕು. ಅವ್ವ ಒಲೆಯ ಮುಂದಿನಿಂದಲೇ "ಎಲ್ಲೀತನಕ?" ಎಂದು ಕೇಳುತ್ತಿದ್ದಳು. ದನದೊಳಗೆ ಕೈ ಎಲ್ಲಿಯವರೆಗೆ ಹೋಗಿತ್ತು ಎಂಬುದು ಪ್ರಶ್ನೆ. "ಮಣಿಕಟ್ಟು" ಎಂದರೆ ಒಂದು ಕೊಡ ಬಿಸಿನೀರು. "ಮೊಣಕೈ" ಎಂದರೆ ಎರಡು. "ಭುಜ" ಎಂದರೆ ಹಂಡೆ ಪೂರ್ತಿ, ಜೊತೆಗೆ ಜನಿವಾರವೂ ಹೊಸದು. ಹಿರೇಕೆರೂರಿನಲ್ಲಿದ್ದಾಗ ಒಮ್ಮೆ ದೂರದಿಂದ ಬಂದ ಆಚಾರ್ಯರೊಬ್ಬರು ನಡುಮನೆಯಲ್ಲಿ ಕುಳಿತು ಅವ್ವನಿಗೆ ಭಕ್ತಿಯ ವಿಷಯ ಹೇಳುತ್ತಿದ್ದರು. ಭಕ್ತ ಎಷ್ಟರಮಟ್ಟಿಗೆ ಮುಳುಗಬೇಕು ಎಂದು ಅವರು ಕೇಳುವುದಕ್ಕೂ ಹಿತ್ತಲಿನಿಂದ "ಭುಜ!" ಎಂಬ ದನಿ ಬರುವುದಕ್ಕೂ ಸರಿಹೋಯಿತು. ಆಚಾರ್ಯರು ಬೆರಗಾಗಿ ಕೈ ಮುಗಿದರು. ಅವ್ವ ಎದ್ದು ಒಲೆಗೆ ಕಟ್ಟಿಗೆ ಒಟ್ಟಲು ಹೋದಳು.

ದನಗಳನ್ನು ಮನುಷ್ಯರಂತೆ ಕಂಡ ಅಪ್ಪ ಮನುಷ್ಯರನ್ನು ದನಗಳಂತೆ ಕಾಣುತ್ತಿದ್ದ. ಇದರಲ್ಲಿ ಕೀಳು ಭಾವನೆಯೇನೂ ಇರಲಿಲ್ಲ. ನನ್ನನ್ನು ನೋಡಲು ಗಂಡಿನವರು ಬಂದ ದಿನ ಎಲ್ಲರೂ ಹುಡುಗನ ನೌಕರಿ, ಗೋತ್ರ ವಿಚಾರಿಸುತ್ತಿದ್ದರೆ ಅಪ್ಪ ಅವನು ಅವಲಕ್ಕಿ ತಿನ್ನುವುದನ್ನೇ ನೋಡುತ್ತ ಕುಳಿತಿದ್ದ. ಆಮೇಲೆ "ಬರ್ರಿ, ಹಿತ್ತಲಾ ತೋರಸ್ತೇನಿ" ಎಂದು ಕರೆದೊಯ್ದು, ಹುಡುಗನನ್ನು ಮುಂದೆ ಬಿಟ್ಟು ತಾನು ಹಿಂದೆ ನಡೆದ. ಒಳಗೆ ಬಂದು ಅವ್ವನ ಕಿವಿಯಲ್ಲಿ ಹೇಳಿದ. ಆದರೆ ಅಪ್ಪನ ಪಿಸುಮಾತು ತಡಸದ ಬಸ್ಸಿನಲ್ಲಿ ಕಂಡಕ್ಟರು ಕೂಗಿದಷ್ಟೇ ಮೆತ್ತಗಿರುತ್ತಿತ್ತು.

"ಮೇವು ಛಲೋ ತಿಂತಾನ. ಹಿಂಗಾಲು ಗಟ್ಟಿ ಅವ. ಆದ್ರ ಮೆಲುಕು ಹಾಕೂದು ಕಡಿಮಿ, ಮುಂದ ಹೊಟ್ಟಿಗೆ ತ್ರಾಸಾಗ್ತದ."

ಹೊರಗೆ ಕುಳಿತ ಹುಡುಗ ಎಲ್ಲವನ್ನೂ ಕೇಳಿಸಿಕೊಂಡ. ಆದರೂ ಒಪ್ಪಿದ. ಈಗ ಅವರಿಗೆ ಗ್ಯಾಸಿನ ತೊಂದರೆಯಿದೆ.

ನಾನು ಹಲ್ಲಿನ ಡಾಕ್ಟರಾಗಿ ಹಿರೇಕೆರೂರಿನಲ್ಲಿ ಕ್ಲಿನಿಕ್ಕು ತೆರೆದಾಗ ಅಪ್ಪ ಬಂದು ಕುರ್ಚಿಯನ್ನು ಮೇಲೆ ಕೆಳಗೆ ಮಾಡಿಸಿ ನೋಡಿದ. "ನಾನೂ ಹಲ್ಲು ನೋಡಾಂವ, ನೀನೂ ಹಲ್ಲು ನೋಡಾಕಿ. ನನ್ನ ಪೇಶಂಟು ಒದಿತಿದ್ವು, ನಿನ್ನವು ಕಚ್ಚತಾವ. ಜ್ವಾಕಿ" ಎಂದು ಹೇಳಿ, ಸವಣೂರಿನ ವೀಳ್ಯದೆಲೆಯ ಕಟ್ಟೊಂದನ್ನು ಮೇಜಿನ ಮೇಲಿಟ್ಟು ಬಸ್ಸು ಹತ್ತಿದ.

ಅಣ್ಣನ ಜೊತೆ ಮಾತ್ರ ಅಪ್ಪನಿಗೆ ಹೊಂದಲಿಲ್ಲ. ಅಪ್ಪ "ಮಳಿ ಬರ್ತದ" ಎಂದರೆ ಅಣ್ಣ ಕೊಡೆ ಬಿಟ್ಟು ಹೋಗುತ್ತಿದ್ದ. ತೊಯ್ದು ತೊಪ್ಪೆಯಾಗಿ ಬಂದು "ಇದಕ್ಕ ಮಳಿ ಅನ್ನೂದಿಲ್ಲ" ಎನ್ನುತ್ತಿದ್ದ. ಇದು ಮನೆಯೊಳಗೇ ಇದ್ದಷ್ಟು ದಿನ ಪರವಾಗಿರಲಿಲ್ಲ. ಒಮ್ಮೆ ಹಾನಗಲ್ಲಿನ ಕೋರ್ಟಿಗೇ ಹೋಯಿತು. ಒಂದು ಎಮ್ಮೆ ಯಾರದು ಎಂಬ ಜಗಳ. ಅಣ್ಣ ಹೊಸ ವಕೀಲ. ಎದುರು ಪಕ್ಷದವರು ಎಮ್ಮೆಯ ವಯಸ್ಸು ಹೇಳಲು ಸಾಕ್ಷಿಯಾಗಿ ಅಪ್ಪನನ್ನೇ ಕರೆಸಿದರು. ಅಣ್ಣ ಎದ್ದು ನಿಂತು, ಜನ್ಮದಲ್ಲಿ ಮೊದಲ ಸಲ ಅಪ್ಪನನ್ನು ಬಹುವಚನದಲ್ಲಿ ಮಾತಾಡಿಸಿದ.

"ನಿಮ್ಮ ಹೆಸರು ಹೇಳಿ."

"ಯಾಕ, ನಿನಗ ಗೊತ್ತಿಲ್ಲೇನು?"

ಕೇಳಿದ್ದಕ್ಕೆ ಉತ್ತರ ಕೊಡಿ ಎಂದರು ನ್ಯಾಯಾಧೀಶರು. ಅಪ್ಪ ಕೊಟ್ಟ.

"ಎಮ್ಮೆಯ ವಯಸ್ಸನ್ನು ಹೇಗೆ ನಿರ್ಧರಿಸಿದಿರಿ?"

"ಹಲ್ಲು ನೋಡಿ."

"ಹಲ್ಲು ನೋಡಿ ಹೇಳಿದ ಮಾತು ತಪ್ಪಾಗಲು ಸಾಧ್ಯವಿದೆಯಲ್ಲವೇ?"

"ಅದ. ನಿನಗ ಮೊದಲನೇ ಹಲ್ಲು ಬಂದಾಗ, ಹುಡುಗ ಭಾಳ ಶ್ಯಾಣ್ಯಾ ಆಗ್ತಾನ ಅಂದಿದ್ದೆ."

ನ್ಯಾಯಾಧೀಶರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರಂತೆ. ಅಣ್ಣ ಕೇಸು ಸೋತ. ಆ ಮಳೆಗಾಲವಿಡೀ ಇಬ್ಬರೂ ಅವ್ವನ ಮೂಲಕವೇ ಮಾತಾಡಿದರು. ಮಗ್ಗುಲಲ್ಲೇ ಊಟಕ್ಕೆ ಕುಳಿತಿದ್ದರೂ "ಅವಂಗ ಹೇಳು, ಉಪ್ಪು ಈ ಕಡೆ ಸರಸು ಅಂತ" ಎಂದು ಅಪ್ಪ ಅಡುಗೆಮನೆಯ ಕಡೆ ಕೂಗುತ್ತಿದ್ದ. ಅವ್ವ ಬಂದು ಉಪ್ಪು ಸರಿಸಿ ಹೋಗುತ್ತಿದ್ದಳು. ಮುಂದೆ ಮಾತು ಶುರುವಾಯಿತು, ಆದರೆ ಜೋಡು ಕೂಡಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಅಪ್ಪ ಊಟ ಮಾಡಿ, ಎಲೆ ಹಾಕಿಕೊಂಡು, ಆರಾಮ ಕುರ್ಚಿಯಲ್ಲಿ ಕುಳಿತ. ಏಳಲಿಲ್ಲ. ಅವ್ವ ಒಳಗೆ ಪಾತ್ರೆ ತಿಕ್ಕುತ್ತಿದ್ದಳು.

ನಾನು ಅತ್ತೆ. ಅವ್ವ ಎರಡು ದಿನ ಅತ್ತು ಆಮೇಲೆ ಮಾತು ಕಡಿಮೆ ಮಾಡಿದಳು. ಅಣ್ಣ ಅಳಲಿಲ್ಲ. ಪುರೋಹಿತರು, ಅಡುಗೆಯವರು, ಬಂದವರ ಬಸ್ಸಿನ ಹೊತ್ತು, ಎಲ್ಲವನ್ನೂ ಅವನೇ ನೋಡಿಕೊಂಡ. ಹದಿಮೂರನೆಯ ದಿನದ ಊಟ ಮುಗಿದು ಮನೆ ಖಾಲಿಯಾದ ಮೇಲೆ, ಇನ್ನು ಏನು ಮಾಡುವುದು ಎಂದು ತಿಳಿಯದೆ, ಅಪ್ಪನ ನೆನಪಿಗೆ ಒಂದು ಸ್ಮರಣ ಸಂಚಿಕೆ ತರುವುದಾಗಿ ಘೋಷಿಸಿದ. ವರ್ಷಾಂತಿಕದ ದಿನ ಬಿಡುಗಡೆ.

ಲೇಖನಗಳು ಬರತೊಡಗಿದವು. ಅಪ್ಪನ ಜೊತೆ ಕೆಲಸ ಮಾಡಿದ ಅಧಿಕಾರಿಯೊಬ್ಬರು ತಮ್ಮ ವರ್ಗಾವಣೆಗಳನ್ನು ಒಂದೊಂದಾಗಿ ವರ್ಣಿಸಿ, ಕೊನೆಯ ಸಾಲಿನಲ್ಲಿ 'ಆಗ ಇವರೂ ಅಲ್ಲೇ ಇದ್ದರು' ಎಂದು ಬರೆದಿದ್ದರು. ದೂರದ ಕಾಕಾ ಒಬ್ಬರು ತಮ್ಮ ಮೊಣಕಾಲಿನ ಆಪರೇಶನ್ನಿನ ಬಗ್ಗೆ ಬರೆದು, ಅಪ್ಪ ನೋಡಲು ಬಂದಿದ್ದಾಗ ತಂದ ಬಾಳೆಹಣ್ಣು ಕಾಯಿಯಿದ್ದವು ಎಂದು ಸೇರಿಸಿದ್ದರು. ಸವಣೂರಿನ ಪಂಡಿತರೊಬ್ಬರ ಲೇಖನದಲ್ಲಿ ದನ ಎಂಬ ಶಬ್ದವೇ ಇರಲಿಲ್ಲ. 'ಗೋಸೇವಾಧುರಂಧರ', 'ಮೂಕಜೀವಸಂರಕ್ಷಣದೀಕ್ಷಿತ' ಮುಂತಾದ ಸಮಾಸಗಳಿದ್ದವು. ಒಂದೊಂದನ್ನು ಬಿಡಿಸುವಷ್ಟರಲ್ಲಿ ಎಮ್ಮೆ ಕರು ಹಾಕೀತು.

ಅಣ್ಣ ಇವನ್ನೆಲ್ಲ ಅವ್ವನಿಗೆ ಓದಿ ಹೇಳಿದ. ಅವ್ವ ಬತ್ತಿ ಹೊಸೆಯುತ್ತ ಪೂರ್ತಿ ಕೇಳಿದಳು.

"ಛಲೋ ಅದ. ಯಾರಿವರು?"

"ನಮ್ಮ ಅಪ್ಪಾನ, ಅವ್ವಾ!"

"ಹೌದೇನು? ನಾ ಬ್ಯಾರೆ ಯಾರೋ ಅಂತ ತಿಳಕೊಂಡೆ."

ಅಣ್ಣನಿಗೆ ಸಿಟ್ಟು ಬಂತು. ಆದರೆ ಅವನಿಗೂ ಒಂದು ತೊಡಕಿತ್ತು. ಸಂಚಿಕೆಗೆ ಮಗನ ಮಾತು ಎಂದು ಒಂದು ಪುಟ ಬರೆಯಬೇಕಿತ್ತು. ಕೋರ್ಟಿನಲ್ಲಿ ಊಟದ ಹೊತ್ತು ಮೀರುವವರೆಗೆ ವಾದ ಮಾಡುವವನು 'ನನ್ನ ತಂದೆಯವರು' ಎಂದು ಬರೆದು ಅಲ್ಲೇ ನಿಂತಿದ್ದ. ಪ್ರೆಸ್ಸಿನವರು ಫೋನು ಮಾಡಿದಾಗಲೆಲ್ಲ "ಆಗೇ ಹೋಗೇದ" ಎನ್ನುತ್ತಿದ್ದ.

ವರ್ಷಾಂತಿಕ ಹತ್ತಿರ ಬಂತು. ನಾನೂ ಅಣ್ಣನೂ ಶಿಗ್ಗಾಂವಿಯ ಮನೆಗೆ ಬಂದಿದ್ದೆವು. ಒಂದು ಬೆಳಿಗ್ಗೆ ಹತ್ತಿಮತ್ತೂರಿನ ಫಕೀರಪ್ಪ ಬೈಕಿನ ಮೇಲೆ ಬಂದ. ಅಪ್ಪನಿಗೆ ಬಹಳ ದಿನದಿಂದ ಬೇಕಾದ ರೈತ. ಚಪ್ಪಲಿ ಬಿಡದೆಯೇ ಅಂಗಳದಿಂದ ಕೂಗಿದ.

"ಅವ್ವಾರ, ಡಾಕ್ಟ್ರು ಮೇವು ಬಿಟ್ಟಾರ್ರಿ!"

ಅವ್ವ ಬಾಗಿಲಲ್ಲೇ ನಿಂತಳು. ಅಣ್ಣ ಕೈಯಲ್ಲಿ ಪ್ರೂಫು ಹಿಡಿದುಕೊಂಡು ಹೊರಗೆ ಬಂದ.

"ಯಾರು?"

"ಡಾಕ್ಟ್ರರಿ. ನಿನ್ನಿ ಮುಂಜಾನಿಂದ ಒಂದ್ ಕಡ್ಡಿ ಮುಟ್ಟಿಲ್ರಿ. ಬಾಯಾಗಿಂದ ಜೊಲ್ಲು ಸುರಸಾಕತ್ತಾರ. ಹತ್ರ ಹ್ವಾದ್ರ ಹಾಯಾಕ ಬರ್ತಾರ."

"ಏ ಮಾರಾಯಾ, ಅವರು ಹೋಗಿ ವರ್ಷ ಆಗ್ಲಿಕ್ಕೆ ಬಂತು!"

"ಅದು ನನಗ ಗೊತ್ತಿಲ್ಲೇನ್ರಿ ಸಾಹೇಬ್ರ? ಮಣ್ಣಿಗೆ ಬಂದಿದ್ನೆಲ್ರಿ. ನಾ ಹೇಳಾಕತ್ತಿದ್ದು ಎತ್ತಿನ ಡಾಕ್ಟ್ರು."

"ಅವರೂ ಎತ್ತಿನ ಡಾಕ್ಟ್ರ ಇದ್ರಲ್ಲ!"

"ಅಲ್ರಿ. ಎತ್ತಿನ ಡಾಕ್ಟ್ರಲ್ರಿ. ಡಾಕ್ಟ್ರು ಅನ್ನೂ ಎತ್ತು."

ನಿಧಾನವಾಗಿ ವಿಷಯ ಹೊರಬಂತು. ಕೆಲವು ವರ್ಷಗಳ ಹಿಂದೆ ಫಕೀರಪ್ಪನ ಆಕಳಿಗೆ ಕರು ಅಡ್ಡ ಬಂದಿತ್ತು. ಅಷ್ಟೊತ್ತಿಗೆ ನಿವೃತ್ತನಾಗಿದ್ದ ಅಪ್ಪ ಹೋಗಿ, ಕೊಟ್ಟಿಗೆಯ ಕೆಸರಿನಲ್ಲಿ ಮಲಗಿ, ಕರುವನ್ನು ತಿರುಗಿಸಿ ಎಳೆದಿದ್ದ. ಆಕಳೂ ಉಳಿಯಿತು, ಹೋರಿಗರುವೂ ಉಳಿಯಿತು. ಫಕೀರಪ್ಪ ಕರುವಿಗೆ 'ಡಾಕ್ಟ್ರು' ಎಂದು ಹೆಸರಿಟ್ಟ.

"ಇದು ಅವಮಾನ! ನಮ್ಮ ತಂದಿಯವರ ಹೆಸರಿಲೆ ಎತ್ತಿಗೆ ಬಾರಕೋಲಿನಿಂದ ಹೊಡಿತೀಯಾ ನೀನು?" ಅಣ್ಣನ ದನಿ ಏರಿತು. "ಇವತ್ತಿಂದ ಹೆಸರು ಬದಲ ಮಾಡು."

"ಹೊಡಿಯೂದಿಲ್ರಿ. ಬೈತೇನಿ ಅಷ್ಟ."

"ಬೈತೀಯಾ?"

"ಅದಕ್ಕ ನಿಮ್ಮ ಅಪ್ಪಾರನ ಪರ್ಮಿಶನ್ ಕೊಟ್ಟಿದ್ರಿ. 'ಹೆಸರಿಟ್ಟೀಯಲ್ಲಾ, ಇರ್ಲಿ. ಆದ್ರ ಬಯ್ಯೂ ಮುಂದ ರೀ ಹಚ್ಚಿ ಬೈ' ಅಂದಿದ್ರು. ಅವತ್ತಿಂದ ರೀ ಹಚ್ಚೇ ಬೈತೇನ್ರಿ. 'ಏ ಡಾಕ್ಟ್ರ, ನಿಮಗೇನ್ ಧಾಡಿಯಾಗೇತ್ರಿ, ಸರೀ ನಡೀರಿ' ಅಂತೇನಿ. ಊರ ಮಂದಿ ನಗ್ತಾರ. ನಿಮ್ಮ ಅಪ್ಪಾರು ಬಂದಾಗೊಮ್ಮೆ ಅದರ ಮುಂದ ನಿಂತು, 'ಏನ್ ಡಾಕ್ಟ್ರ, ಪ್ರಾಕ್ಟೀಸ್ ಹೆಂಗ ನಡದೇತಿ' ಅಂತ ಕೇಳ್ತಿದ್ರಿ."

ಅಪ್ಪ ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಈಗಿನ ಡಾಕ್ಟರಮ್ಮ ಲಸಿಕೆ ಹಾಕಲು ಬೇರೆ ಊರಿಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ, ಬಾಯಲ್ಲಿ ಏನೋ ಸಿಕ್ಕಿರಬಹುದು ಎಂದು ಫೋನಿನಲ್ಲಿ ಹೇಳಿದ್ದಾರೆ ಎಂದ ಫಕೀರಪ್ಪ. ಹುಚ್ಚುನಾಯಿ ಕಚ್ಚಿದೆಯೇ ಎಂದು ಅವರು ಮೊದಲೇ ಕೇಳಿದ್ದರಂತೆ, ಇವನು ಇಲ್ಲ ಎಂದಿದ್ದ. ಎತ್ತಿನ ಬಾಯಿ ತೆರೆದು ಹಿಡಿಯುವ ಕಬ್ಬಿಣವೊಂದು ಅಪ್ಪನ ಹತ್ತಿರ ಇತ್ತಲ್ಲ, ಅದನ್ನು ಕೇಳಲು ಬಂದಿದ್ದ.

"ಆ ಚೀಲ ಎಲ್ಲೆದನೋ ಏನೋ" ಎಂದೆ ನಾನು. ಹಿತ್ತಲ ಗೂಟ ಖಾಲಿಯಿದ್ದುದನ್ನು ನೋಡಿದ್ದೆ.

ಅವ್ವ ಒಳಗೆ ಹೋದಳು. ತನ್ನ ಮಂಚದ ಕೆಳಗಿನಿಂದ ಚೀಲವನ್ನು ಎಳೆದು ತಂದಳು. ಜೀವಮಾನವಿಡೀ ಹೊಸ್ತಿಲು ದಾಟಲು ಬಿಡದಿದ್ದ ಚೀಲ. ಯಾವಾಗ ಒಳಗೆ ತಂದಿಟ್ಟುಕೊಂಡಿದ್ದಳೋ ನಮಗಿಬ್ಬರಿಗೂ ಗೊತ್ತಿಲ್ಲ.

"ನಡಿ" ಎಂದಳು ನನಗೆ. "ಬಾಯಿ ನೋಡೂದು ನಿನ್ನ ಕೆಲಸ ಅಲ್ಲೇನು?"

"ಮನಷ್ಯಾರದು, ಅವ್ವಾ."

"ನಾನೂ ಬರ್ತೇನಿ."

ಅಣ್ಣ ಅಡ್ಡ ಬಂದ. "ಅವ್ವಾ, ವರ್ಷಾಂತಿಕ ಮುಂದ ಇಟಗೊಂಡು ಎತ್ತು ನೋಡ್ಲಿಕ್ಕೆ ಹೋಗ್ತೀ?"

"ಡಾಕ್ಟ್ರು ಊಟ ಬಿಟ್ಟಾರ ಅಂದ್ರ ನಾ ಮನ್ಯಾಗ ಹೆಂಗ ಕೂಡ್ಲಿ?"

ಅಣ್ಣ ಪ್ರೂಫಿನ ಜೊತೆ ಮನೆಯಲ್ಲುಳಿದ. ನಾವಿಬ್ಬರೂ ನನ್ನ ಕಾರಿನಲ್ಲಿ ಫಕೀರಪ್ಪನ ಬೈಕಿನ ಹಿಂದೆ ಹೊರಟೆವು. ದಾರಿಯುದ್ದಕ್ಕೂ ಅವ್ವ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

ಎತ್ತನ್ನು ಬೇವಿನ ಗಿಡಕ್ಕೆ ಕಟ್ಟಿದ್ದರು. ಬಿಳಿಯ ಮೈ, ಬೆನ್ನ ಮೇಲೆ ದೊಡ್ಡ ಹಿಣಿಲು, ತುಸು ಬಾಗಿದ ಒಂದು ಕೋಡು. ಇಬ್ಬರು ಗಟ್ಟಿ ಆಳುಗಳು ಹಗ್ಗ ಹಿಡಿದಿದ್ದರೂ ನಾನು ಹತ್ತಿರ ಹೋದರೆ ತಲೆ ಕೊಡವಿ ಬುಸುಗುಡುತ್ತಿತ್ತು. ನಾನು ಕೈಗವಸು ಹಾಕಿಕೊಂಡು, ಧೈರ್ಯವಿದ್ದವರಂತೆ ದೂರ ನಿಂತಿದ್ದೆ. ಅವ್ವ ಸೀದಾ ಹೋಗಿ ಅದರ ಮುಖದ ಮುಂದೆ ನಿಂತಳು.

"ಏನಿದು ನಿಮ್ಮ ಹಟ?" ಎಂದಳು. "ಬಾಯಿ ತಗೀರಿ ಅಂದ್ರ ತಗೀಬೇಕು."

ಎತ್ತು ಕಿವಿ ನಿಮಿರಿಸಿತು.

"ಬಿಪಿ ಗುಳಿಗಿಗೂ ಹಿಂಗ ಮಾಡ್ತಿದ್ರಿ. ದವಡ್ಯಾಗ ಇಟಗೊಂಡು, ನಾ ಅತ್ತಾಗ ಹೋದ ಕೂಡ್ಲೆ ತುಳಸಿ ಗಿಡದಾಗ ಉಗಳ್ತಿದ್ರಿ. ನನಗ ಗೊತ್ತಿರ್ಲಿಲ್ಲ ಅಂತ ತಿಳಕೊಂಡ್ರೇನು? ಊರ ದನಕ್ಕೆಲ್ಲಾ ಔಷಧ ಕುಡಿಸಿ ಬರ್ತಿದ್ರಿ, ನೀವೊಂದು ಗುಳಿಗಿ ನುಂಗ್ಲಿಲ್ಲ. ಊಟಾ ಮಾಡಿದ್ರಿ, ಕುರ್ಚಿ ಮ್ಯಾಲೆ ಕುಂತ್ರಿ, ಹೋದ್ರಿ. ಒಂದು ಮಾತು ಕರದ್ರೇನು ನನ್ನ? ಅಲ್ಲೇ ಒಳಗ ಇದ್ದೆ ನಾ. ಕರದಿದ್ರ ಕೇಳಸ್ತಿದ್ದಿಲ್ಲೇನು?"

ಹಗ್ಗ ಹಿಡಿದವರು ನೆಲ ನೋಡಿದರು. ಫಕೀರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಎತ್ತಿಗೆ ಏನು ತಿಳಿಯಿತೋ, ಎರಡು ದಿನದ ಹಸಿವೆಯಿಂದ ಸುಸ್ತಾಗಿತ್ತೋ, ತಲೆ ತಗ್ಗಿಸಿ ಸುಮ್ಮನೆ ನಿಂತಿತು. ಅವ್ವ ಅದರ ಗಂಗೆದೊಗಲಿನ ಮೇಲೆ ಕೈಯಾಡಿಸುತ್ತ ನನ್ನ ಕಡೆ ತಿರುಗಿ, "ನೋಡ್ಕೋತ ಏನ್ ನಿಂತಿ? ಹಾಕು" ಎಂದಳು.

ಕಬ್ಬಿಣ ಹಾಕಿ ಬಾಯಿ ತೆರೆಸಿದೆವು. ಮೊಬೈಲಿನ ಬೆಳಕಿನಲ್ಲಿ ನೋಡಿದರೆ, ಗೋವಿನಜೋಳದ ದಿಂಡಿನ ಒಂದು ತುಂಡು ಅಂಗುಳಕ್ಕೆ ಅಡ್ಡಲಾಗಿ, ಎರಡೂ ಬದಿಯ ದವಡೆ ಹಲ್ಲುಗಳ ನಡುವೆ ಬೆಣೆ ಹೊಡೆದಂತೆ ಕುಳಿತಿತ್ತು. ಕಾರಿನಲ್ಲಿದ್ದ ನನ್ನ ಇಕ್ಕಳ ಮನುಷ್ಯರ ಅಳತೆಯದು. ಎರಡು ಸಲ ಜಾರಿತು. ಮೂರನೆಯ ಸಲ ಕೈಯನ್ನೇ ಹಾಕಿ ತಿರುವಿ ಎಳೆದೆ. ದಿಂಡು ಹೊರಬಂತು, ನಾನು ಸಗಣಿಯ ಮೇಲೆ ಕುಳಿತೆ. ಕುಳಿತಲ್ಲಿಂದಲೇ, ಕ್ಲಿನಿಕ್ಕಿನ ರೂಢಿಯಂತೆ, "ಆತ್ರಿ, ಬಾಯಿ ಮುಕ್ಕಳಿಸ್ರಿ" ಎಂದುಬಿಟ್ಟೆ.

ಡಾಕ್ಟ್ರು ನೀರಿನ ಬಾನಿಗೆ ಬಾಯಿ ಹಾಕಿ ಕುಡಿದರು. ಸಂಜೆ ಬಂದ ಡಾಕ್ಟರಮ್ಮ ಗಾಯ ನೋಡಿ ಇಂಜೆಕ್ಷನ್ನು ಕೊಟ್ಟು, ಇನ್ನೇನೂ ಭಯವಿಲ್ಲ ಎಂದರಂತೆ.

ಹೊರಡುವಾಗ ಫಕೀರಪ್ಪ ಅವ್ವನ ಮುಂದೆ ಕೈ ಹಿಸುಕುತ್ತ ನಿಂತ. "ಅವ್ವಾರ, ಸಾಹೇಬ್ರು ಹೆಸರು ಬದಲ ಮಾಡು ಅಂದ್ರಲ್ರಿ. ಏನ್ ಮಾಡ್ಲಿ?"

"ಅವರಿಗೆ ಒಪ್ಪಿಗಿ ಇತ್ತಂದ ಮ್ಯಾಲೆ ಬದಲ ಮಾಡಲಿಕ್ಕೆ ಅಂವ ಯಾರು? ಇರ್ಲಿ." ಅವ್ವ ಆಚೆ ಕಟ್ಟಿದ ಇನ್ನೊಂದು ಎಳೆಯ ಎತ್ತನ್ನು ನೋಡಿದಳು. "ಅದ್ಯಾವುದು?"

"ಜೋಡಿಗೆ ತಂದೇನ್ರಿ ಮೊನ್ನೆ. ಎರಡಕ್ಕೂ ಒಟ್ಟ ಹೊಂದವಲ್ದು. ಡಾಕ್ಟ್ರು ಎಡಕ್ಕ ಜಗ್ಗಿದ್ರ ಅದು ಬಲಕ್ಕ ಜಗ್ತೈತಿ. ಇನ್ನಾ ಹೆಸರಿಟ್ಟಿಲ್ರಿ."

ಅವ್ವ ಎರಡನ್ನೂ ಒಮ್ಮೆ ನೋಡಿದಳು.

"ವಕೀಲ್ರು ಅಂತ ಇಡಪಾ."

"ಅಯ್ಯ, ಸಾಹೇಬ್ರು ನನ್ನ ಜೇಲಿಗೆ ಹಾಕಸ್ತಾರ್ರಿ!"

"ಹಾಕಸೂದಿಲ್ಲ, ನಾ ಹೇಳ್ತೇನಿ. ಅಪ್ಪ ಮಗ ಎಂದೂ ಒಂದು ನೊಗಕ್ಕ ಹೆಗಲ ಕೊಡ್ಲಿಲ್ಲ. ಈಗರ ಕೂಡಿ ನಡೀಲಿ."

ಮನೆಗೆ ಬಂದು ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಬಹಳ ಹೊತ್ತು ಕನ್ನಡಕ ಒರೆಸಿದ.

"ನನಗೂ ರೀ ಹಚ್ಚೇ ಬೈತಾನೇನು?" ಎಂದಷ್ಟೇ ಕೇಳಿದ.

ವರ್ಷಾಂತಿಕ ಆಯಿತು. ಸಂಚಿಕೆ ಆಗಲಿಲ್ಲ. ಮಗನ ಮಾತು ಇನ್ನೂ ಮೊದಲ ಎರಡು ಶಬ್ದದಲ್ಲೇ ಇತ್ತು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಮುಂಜಾನೆ ಕ್ಲಿನಿಕ್ಕಿನಲ್ಲಿ ಒಬ್ಬರ ಬಾಯಿ ತೆರೆಸಿ ಕೂಡಿಸಿದ್ದೆ. ಫಕೀರಪ್ಪನ ಫೋನು ಬಂತು.

"ಅಕ್ಕಾರ, ವಕೀಲ್ರು ಬಂದಾರ್ರಿ."

"ಯಾವ ವಕೀಲ್ರು?"

"ನಿಮ್ಮವ್ರರಿ. ಮುಂಜಾನೆದ್ದು 'ಎಲ್ಲೆದಾವ, ತೋರ್ಸು' ಅಂದ್ರು. ಹೊಲದಾಗ ಜೋಡಿ ಹೂಡಿದ್ನಿ. ಬದುವಿನ ಮ್ಯಾಲೆ ನಿಂತು ನೋಡಿದ್ರು. ಎರಡೂ ಈಗ ಛಲೋ ಹೊಂದಿಕೊಂಡು ನಡೀತಾವ್ರಿ. ನೋಡಿಕೋತ ನೋಡಿಕೋತ ಹಂಗ ಕೆಳಗ ಕುಂತಬಿಟ್ರು. ನಾ ಎತ್ತು ಬಿಚ್ಚಿ ಬಿಟ್ಟೇನ್ರಿ."

"ಈಗೇನ್ ಮಾಡಾಕತ್ತಾರ ವಕೀಲ್ರು?"

ಫಕೀರಪ್ಪ ದನಿ ತಗ್ಗಿಸಿದ. "ಒಬ್ರು ಮೇಯಾಕತ್ತಾರ್ರಿ. ಒಬ್ರು ಅಳಾಕತ್ತಾರ."

ಕುರ್ಚಿಯಲ್ಲಿದ್ದವರು ಬಾಯಿ ತೆರೆದುಕೊಂಡೇ ನನ್ನನ್ನು ನೋಡುತ್ತಿದ್ದರು. ನಾನು ಕಿಟಕಿಯ ಕಡೆ ತಿರುಗಿದೆ.

"ಮಾತಾಡಸಬ್ಯಾಡ್ರಿ ಫಕೀರಪ್ಪ. ಅಳ್ಲಿ ಬಿಡ್ರಿ."

"ನಾ ದೂರನ ಅದೇನ್ರಿ ಅಕ್ಕಾರ. ನೀವೇನ್ ಚಿಂತಿ ಮಾಡಬ್ಯಾಡ್ರಿ. ಡಾಕ್ಟ್ರು ಅವರ ಮಗ್ಗಲದಾಗ ನಿಂತಾರ."